ಗೋಬರ್ ಗ್ಯಾಸಿನ ಲೆಕ್ಕ: ಶಿರಸಿಯಲ್ಲಿ ಹತ್ತಿದ ಒಲೆ, ಪುರದಲ್ಲಿ ಹತ್ತಿದ ದೀಪ

ಬಯಲುಸೀಮೆಯ ಹಳ್ಳಿಗಳಲ್ಲಿ ಹಿತ್ತಿಲ ಕಡೆ ಕಣ್ಣು ಹಾಯಿಸಿದರೆ ಕೆಲವೊಮ್ಮೆ ಹಾಳುಬಿದ್ದ ಗೋಬರ್ ಗ್ಯಾಸ್ ಗುಂಡಿ ಕಾಣುತ್ತದೆ. ಡ್ರಮ್ಮು ತುಕ್ಕು ಹಿಡಿದಿರುತ್ತದೆ, ಒಳಗೆ ಮಳೆನೀರು ನಿಂತಿರುತ್ತದೆ, ಪೈಪು ಎಂದೋ ಗುಜರಿಗೆ ಹೋಗಿರುತ್ತದೆ. 'ಸರ್ಕಾರ ಸಬ್ಸಿಡಿ ಕೊಡ್ತು ಅಂತ ಕಟ್ಟಿಸಿದ್ವಿ, ಎರಡು ವರ್ಷಕ್ಕೆ ನಿಂತೋಯ್ತು' ಎನ್ನುವ ಮಾತೂ ಜೊತೆಗೇ ಬರುತ್ತದೆ. ಅದೇ ತಂತ್ರ ಉತ್ತರ ಕನ್ನಡದ ಶಿರಸಿ ತಾಲ್ಲೂಕಿನಲ್ಲಿ ಮನೆ ಮನೆಯ ಅಡುಗೆ ಒಲೆ ಹೊತ್ತಿಸಿತು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಅಲ್ಲಿ ಸಮೀಕ್ಷೆ ಮಾಡಿದ ಹಳ್ಳಿಗಳಲ್ಲಿ ಕಟ್ಟಿದ ಗುಂಡಿಗಳು ಹೆಚ್ಚುಕಡಿಮೆ ಎಲ್ಲವೂ ಕೆಲಸ ಮಾಡುತ್ತಿದ್ದವು.

ಸಿಮೆಂಟು ಅದೇ, ಸಗಣಿ ಅದೇ, ಸಬ್ಸಿಡಿ ಕೂಡ ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿ? ತಂತ್ರಜ್ಞಾನದಿಂದ ಬದುಕು ಹಸನಾಗುತ್ತದೆ ಎಂಬ ನಂಬಿಕೆ ಇಟ್ಟುಕೊಳ್ಳಬೇಕೇ ಬೇಡವೇ ಎಂದು ಸುಮ್ಮನೆ ಚರ್ಚಿಸುವುದಕ್ಕಿಂತ ಈ ಒಂದು ಗುಂಡಿಯ ಲೆಕ್ಕ ಹಾಕುವುದು ಮೇಲು. ನಂಬಿಕೆಗೆ ಆಧಾರ ಎಷ್ಟಿದೆ ಎಂಬುದು ಆ ಲೆಕ್ಕದಲ್ಲೇ ಸಿಗುತ್ತದೆ.

ಗುಂಡಿಯೊಳಗೆ ಏನಾಗುತ್ತದೆ

ಸಗಣಿಯನ್ನು ನೀರಿನಲ್ಲಿ ಕದಡಿ, ಗಾಳಿ ಆಡದ ಕಡೆ ಇಟ್ಟರೆ ಅದರಲ್ಲಿರುವ ಸೂಕ್ಷ್ಮಜೀವಿಗಳು ಕೆಲಸ ಶುರು ಮಾಡುತ್ತವೆ. ಒಂದು ಗುಂಪು ನಾರು, ಪಿಷ್ಟ, ಕೊಬ್ಬನ್ನು ಒಡೆದು ಹುಳಿ ಆಮ್ಲಗಳನ್ನಾಗಿ ಮಾಡುತ್ತದೆ. ಇನ್ನೊಂದು ಗುಂಪು ಆ ಆಮ್ಲಗಳನ್ನು ತಿಂದು ಮೀಥೇನ್ ಎಂಬ ಉರಿಯುವ ಗ್ಯಾಸ್ ಬಿಡುತ್ತದೆ. ಮೊದಲ ಗುಂಪು ಚುರುಕು, ಒರಟು. ಏನು ಕೊಟ್ಟರೂ ತಡೆದುಕೊಳ್ಳುತ್ತದೆ. ಎರಡನೆಯದು ನಿಧಾನ, ಸೂಕ್ಷ್ಮ. ಅದಕ್ಕೆ ಆಮ್ಲಜನಕ ವಿಷ, ಚಳಿ ಆಗದು, ಹುಳಿ ಹೆಚ್ಚಾದರೂ ಆಗದು. ಗುಂಡಿಯ ಕಾಯಿಲೆಗಳಲ್ಲಿ ಬಹುಪಾಲು ಈ ಎರಡು ಗುಂಪುಗಳ ವೇಗ ಹೊಂದದೇ ಹೋದಾಗ ಬರುವಂಥವು.

ಈ ಜೀವಿಗಳನ್ನು ಎಲ್ಲಿಂದಲೂ ಕೊಂಡು ತರಬೇಕಿಲ್ಲ. ದನದ ಹೊಟ್ಟೆಯಲ್ಲಿ ಇರುವುದೂ ಇವೇ, ಸಗಣಿಯ ಜೊತೆಗೇ ಬರುತ್ತವೆ. ಅಡುಗೆಮನೆ ಕಸವನ್ನಷ್ಟೇ ಹಾಕಿ ಗ್ಯಾಸ್ ತೆಗೆಯಲು ಹೊರಟವರು ಮೊದಲು ಒಂದಿಷ್ಟು ಸಗಣಿ ಹುಡುಕಬೇಕಾಗುವುದು ಈ ಕಾರಣಕ್ಕೆ.

ಬರುವ ಗ್ಯಾಸಿನಲ್ಲಿ ಮೀಥೇನ್ ನೂರಕ್ಕೆ 55ರಿಂದ 60 ಭಾಗ. ಉಳಿದದ್ದು ಬಹುತೇಕ ಇಂಗಾಲದ ಡೈಆಕ್ಸೈಡ್, ಜೊತೆಗೆ ಸ್ವಲ್ಪ ನೀರಾವಿ ಮತ್ತು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್. ಈ ಕೊನೆಯದು ಪ್ರಮಾಣದಲ್ಲಿ ಕಡಿಮೆ, ಹಾನಿಯಲ್ಲಿ ಹೆಚ್ಚು. ಕಬ್ಬಿಣದ ಡ್ರಮ್ಮು, ಹಿತ್ತಾಳೆಯ ಕಾಕು (ಗ್ಯಾಸ್ ಬಿಡುವ ನಲ್ಲಿ), ಎಂಜಿನ್ನಿನ ಒಳಭಾಗ ಎಲ್ಲವನ್ನೂ ಕೊರೆಯುವುದು ಇದೇ.

ಕಟ್ಟುವ ಮೊದಲು ಹಾಕಬೇಕಾದ ಲೆಕ್ಕ

ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಬರುತ್ತದೆ, ಅಂದರೆ 0.04 ಘನ ಮೀಟರ್. ಒಬ್ಬರ ದಿನದ ಅಡುಗೆಗೆ 0.25ರಿಂದ 0.3 ಘನ ಮೀಟರ್ ಬೇಕು. ಐದು ಜನರ ಮನೆಗೆ 1.25ರಿಂದ 1.5 ಘನ ಮೀಟರ್. ಭಾಗಿಸಿ ನೋಡಿದರೆ ದಿನಕ್ಕೆ 31ರಿಂದ 37 ಕಿಲೋ ಸಗಣಿ ಬೇಕಾಗುತ್ತದೆ, ಅಷ್ಟೇ ನೀರೂ ಬೇಕು.

ಕೊಟ್ಟಿಗೆಯಲ್ಲೇ ಕಟ್ಟಿ ಮೇವು ಹಾಕುವ ನಾಟಿ ದನವೊಂದರಿಂದ ದಿನಕ್ಕೆ ಸುಮಾರು 10 ಕಿಲೋ ಸಿಗುತ್ತದೆ. ಹಗಲೆಲ್ಲ ಮೇಯಲು ಬಿಟ್ಟ ದನದ ಸಗಣಿಯಲ್ಲಿ ಮನೆಗೆ ದಕ್ಕುವುದು ರಾತ್ರಿಯ ಪಾಲು ಮಾತ್ರ, ಹೆಚ್ಚೆಂದರೆ ಅರ್ಧ. ಅಂದರೆ ಕಟ್ಟಿ ಸಾಕುವವರಿಗೆ ಮೂರು–ನಾಲ್ಕು ದನ ಸಾಕು, ಬಿಟ್ಟು ಮೇಯಿಸುವವರಿಗೆ ಆರೇಳು ಬೇಕು. ಸಬ್ಸಿಡಿ ಅರ್ಜಿಯಲ್ಲಿ ದನಗಳ ಸಂಖ್ಯೆ ಬರೆಸಿಕೊಂಡವರು ಅವು ಎಲ್ಲಿ ಮೇಯುತ್ತವೆ ಎಂದು ಕೇಳದೇ ಹೋದ ಕಡೆ, ಗುಂಡಿ ಹುಟ್ಟುವಾಗಲೇ ಅರೆಹೊಟ್ಟೆಯದಾಯಿತು.

ದಿನಕ್ಕೆ 2 ಘನ ಮೀಟರ್ ಕೊಡುವ ಗುಂಡಿಗೆ 50 ಕಿಲೋ ಸಗಣಿ, 50 ಲೀಟರ್ ನೀರು ಬೇಕು. ನಮ್ಮ ಹವೆಯಲ್ಲಿ ಒಮ್ಮೆ ಹಾಕಿದ ಬಗ್ಗಡ, ಅಂದರೆ ನೀರಲ್ಲಿ ಕದಡಿದ ಸಗಣಿ, ಸುಮಾರು 40 ದಿನ ಒಳಗಿರಬೇಕು. ನೂರು ಲೀಟರಿಗೆ ನಲವತ್ತು ದಿನ ಎಂದರೆ 4,000 ಲೀಟರ್. ಒಳಗಿನ ಬಗ್ಗಡದ ಗಾತ್ರ ಹೀಗೆ ಸಿಗುತ್ತದೆ. ಚಳಿ ಹೆಚ್ಚಿರುವ ಪ್ರದೇಶದಲ್ಲಿ ಅದನ್ನು 55 ದಿನಕ್ಕೆ ಲೆಕ್ಕ ಹಾಕಿ ಗುಂಡಿಯನ್ನು ದೊಡ್ಡದು ಮಾಡುತ್ತಾರೆ.

ಸಿಲಿಂಡರಿಗೆ ಹೋಲಿಸಿದರೆ, 1 ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 0.45 ಕಿಲೋ ಎಲ್‌ಪಿಜಿಗೆ ಸಮ. 14.2 ಕಿಲೋ ಸಿಲಿಂಡರಿಗೆ ಸರಿಸಾಟಿಯಾಗಲು 31–32 ಘನ ಮೀಟರ್ ಬೇಕು. ದಿನಾ 1.2 ಘನ ಮೀಟರ್ ಉರಿಸುವ ಮನೆಗೆ ತಿಂಗಳಿಗೆ ಒಂದು ಸಿಲಿಂಡರಿಗಿಂತ ತುಸು ಹೆಚ್ಚೇ ಉಳಿಯಿತು ಎಂದಾಯಿತು.

ಇಷ್ಟೇ ಅಂಕಗಣಿತ. ಎಂಜಿನಿಯರೇ ಬೇಕೆಂದಿಲ್ಲ. ಆದರೂ ಸೋತ ಗುಂಡಿಗಳಲ್ಲಿ ಬಹಳಷ್ಟು ಈ ಮೆಟ್ಟಿಲಲ್ಲೇ ಎಡವಿದವು. 'ದೊಡ್ಡದಾಗಿದ್ದರೆ ಒಳ್ಳೆಯದು' ಎಂದು 4 ಘನ ಮೀಟರಿನದು ಕಟ್ಟಿಸಿ 20 ಕಿಲೋ ಸಗಣಿ ಹಾಕಿದರೆ ಖರ್ಚು ಹೆಚ್ಚಾಯಿತೇ ಹೊರತು ಗ್ಯಾಸ್ ಹೆಚ್ಚುವುದಿಲ್ಲ. ಒತ್ತಡವೂ ಸಾಲದೇ ಹೋಗುತ್ತದೆ.

ಡ್ರಮ್ಮಿನಿಂದ ದೀನಬಂಧುವಿಗೆ

1960ರ ದಶಕದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಹರಡಿದ್ದು ತೇಲುವ ಡ್ರಮ್ಮಿನ ಮಾದರಿಯನ್ನು. ಬಾವಿಯಂಥ ಗುಂಡಿ, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು. ಗ್ಯಾಸ್ ತುಂಬಿದಂತೆ ಡ್ರಮ್ಮು ಏಳುತ್ತದೆ, ಖರ್ಚಾದಂತೆ ಇಳಿಯುತ್ತದೆ. ಎಷ್ಟು ಉಳಿದಿದೆ ಎಂದು ಅಡುಗೆಮನೆ ಕಿಟಕಿಯಿಂದಲೇ ಗೊತ್ತಾಗುತ್ತಿತ್ತು, ಅದೊಂದು ಸುಖ. ಆದರೆ ಒಟ್ಟು ಖರ್ಚಿನ ದೊಡ್ಡ ಪಾಲು ಕಬ್ಬಿಣಕ್ಕೇ ಹೋಗುತ್ತಿತ್ತು. ವರ್ಷ ವರ್ಷ ಬಣ್ಣ ಬಳಿಯದಿದ್ದರೆ ಬಗ್ಗಡ ತಾಗುವ ಅಂಚಿನಲ್ಲೇ ತೂತು ಬೀಳುತ್ತಿತ್ತು.

1978ರಲ್ಲಿ ಬಂದ ಜನತಾ ಮಾದರಿ ಡ್ರಮ್ಮನ್ನು ಬಿಟ್ಟು ಇಟ್ಟಿಗೆಯ ಗುಮ್ಮಟವನ್ನು ನೆಲದಡಿ ಕಟ್ಟಿತು. 1984ರಲ್ಲಿ ಬಂದ ದೀನಬಂಧು ಮಾದರಿ ಅದನ್ನೇ ಇನ್ನಷ್ಟು ಸುಧಾರಿಸಿ, ಕೆಳಗೆ ಬಾಗಿದ ತಳ, ಮೇಲೆ ಅರ್ಧಗೋಳದ ಗುಮ್ಮಟ ಇಟ್ಟುಕೊಂಡಿತು. ಕಡಿಮೆ ಗೋಡೆಯಲ್ಲಿ ಹೆಚ್ಚು ಜಾಗ ಸಿಗುವುದರಿಂದ ಸಾಮಾನಿನ ಖರ್ಚು ಇಳಿಯಿತು. 2 ಘನ ಮೀಟರಿನದಕ್ಕೆ ಸುಮಾರು ಸಾವಿರ ಇಟ್ಟಿಗೆ, 14ರಿಂದ 16 ಚೀಲ ಸಿಮೆಂಟು ಬೇಕು.

ಇದರಲ್ಲಿ ಚಲಿಸುವ ಭಾಗವೇ ಇಲ್ಲ. ಗ್ಯಾಸ್ ಗುಮ್ಮಟದಲ್ಲಿ ಸೇರಿ ಬಗ್ಗಡವನ್ನು ಕೆಳಗೆ ಒತ್ತುತ್ತದೆ. ಆ ಬಗ್ಗಡ ಹೊರತೊಟ್ಟಿಯಲ್ಲಿ ಮೇಲೇರಿ ನಿಲ್ಲುತ್ತದೆ. ಕಾಕು ತಿರುಗಿಸಿದರೆ ಹೊರಗೆ ನಿಂತ ಬಗ್ಗಡದ ಭಾರವೇ ಗ್ಯಾಸನ್ನು ಒಲೆಗೆ ತಳ್ಳುತ್ತದೆ. ಆದರೆ ಗುಮ್ಮಟದಲ್ಲಿ ಹಿಡಿಯುವುದು ದಿನದ ಗ್ಯಾಸಿನ ಮೂರನೇ ಒಂದು ಭಾಗ ಮಾತ್ರ. ಬೆಳಿಗ್ಗೆ ಅಡುಗೆ ಮಾಡದೆ ಎಲ್ಲವನ್ನೂ ಸಂಜೆಗೆ ಉಳಿಸುತ್ತೇವೆ ಎಂದರೆ ನಡೆಯದು. ಹೆಚ್ಚಾದದ್ದು ಹೊರತೊಟ್ಟಿಯ ಕಡೆಯಿಂದ ಗುಳುಗುಳು ಎಂದು ಹೋಗಿಬಿಡುತ್ತದೆ. ಮೀಥೇನ್ ಭೂಮಿಯ ಬಿಸಿ ಏರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಾಲು ಜೋರು, ಆದ್ದರಿಂದ ಉರಿಸದೆ ಬಿಟ್ಟ ಗ್ಯಾಸ್ ಪರಿಸರಕ್ಕೂ ನಷ್ಟ.

ಗುಮ್ಮಟ ಅಂದರೆ ಮೇಸ್ತ್ರಿಯ ಕೈ. ಮನೆಯ ಗೋಡೆಯಲ್ಲಿ ಕೂದಲೆಳೆ ಬಿರುಕು ಬಿಟ್ಟರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಆ ಬಿರುಕಿನಲ್ಲಿ ಗ್ಯಾಸೆಲ್ಲ ಹೋಗುತ್ತದೆ. ಒಳಗಾರೆಯನ್ನು ಪದರ ಪದರವಾಗಿ ಹಾಕಿ, ಪ್ರತಿ ಪದರವನ್ನೂ ಕ್ಯೂರಿಂಗ್ ಮಾಡಿ, ಕೊನೆಗೆ ಗ್ಯಾಸ್ ಸೋರದ ಬಣ್ಣ ಬಳಿಯಬೇಕು. ಕೆಲಸ ಮುಗಿದ ಮೇಲೆ ನೀರು ತುಂಬಿಸಿ ಒತ್ತಡ ಏರಿಸಿ, 'ಯು' ಆಕಾರದ ಪಾರದರ್ಶಕ ಕೊಳವೆಯಲ್ಲಿ ಬಣ್ಣದ ನೀರು ಹಾಕಿ ರಾತ್ರಿಯಿಡೀ ಮಟ್ಟ ನೋಡಬೇಕು. ಇಳಿದರೆ ಎಲ್ಲೋ ಸೋರುತ್ತಿದೆ. ಈ ಒಂದು ರಾತ್ರಿಯ ಪರೀಕ್ಷೆಯನ್ನು ಬಿಟ್ಟು ಸಗಣಿ ತುಂಬಿಸಿದ ಮೇಲೆ, ಸೋರಿಕೆ ಹುಡುಕಲು ನಾಲ್ಕು ಸಾವಿರ ಲೀಟರ್ ಬಗ್ಗಡವನ್ನು ಹೊರಗೆ ತೆಗೆಯಬೇಕಾಗುತ್ತದೆ.

ಶಿರಸಿಯಲ್ಲಿ ಏನಿತ್ತು

ಅಡಿಕೆ ತೋಟದವರಿಗೆ ದನ ಬೇಕಾಗಿದ್ದು ಹಾಲಿಗೆ ಎಷ್ಟೋ ಗೊಬ್ಬರಕ್ಕೂ ಅಷ್ಟೇ. ದನಗಳಿಗೆ ಕೊಟ್ಟಿಗೆ ಇತ್ತು, ಸಗಣಿ ಒಂದೇ ಕಡೆ ಸಿಗುತ್ತಿತ್ತು, ನೀರಿಗೆ ಬರ ಇರಲಿಲ್ಲ. ಗುಂಡಿಯಿಂದ ಹೊರಬಂದ ಬಗ್ಗಡಕ್ಕೆ ಹೋಗಲು ಜಾಗವೂ ಇತ್ತು. ಬೆಟ್ಟದಿಂದ ತಂದ ಸೊಪ್ಪು, ದರಕಿನ (ಒಣ ಎಲೆ) ಮೇಲೆ ಅದನ್ನು ಸುರಿದರೆ ಕಳಿತ ಗೊಬ್ಬರ ಬೇಗ ಆಗುತ್ತದೆ. ಗ್ಯಾಸ್ ತೆಗೆದ ಸಗಣಿಯಲ್ಲಿ ಸತ್ವ ಹೋಗಿರುತ್ತದೆ ಎಂಬ ಅನುಮಾನ ಇಂದಿಗೂ ಕೇಳಿಬರುತ್ತದೆ. ಹೋಗುವುದು ಇಂಗಾಲ; ಸಾರಜನಕ, ರಂಜಕ, ಪೊಟ್ಯಾಷ್ ಉಳಿದಿರುತ್ತವೆ. ಬಗ್ಗಡವನ್ನು ಬಿಸಿಲಿಗೆ ಹರವಿ ಒಣಗಿಸಿದರೆ ಮಾತ್ರ ಸಾರಜನಕ ಅಮೋನಿಯಾ ಆಗಿ ಹಾರುತ್ತದೆ. ಸೊಪ್ಪಿನ ಮೇಲೆ ಸುರಿಯುವ ಮಲೆನಾಡಿನ ಪದ್ಧತಿಯಲ್ಲಿ ಆ ನಷ್ಟವೂ ಕಡಿಮೆ.

ಇಷ್ಟು ಅನುಕೂಲ ಬೇರೆ ಮಲೆನಾಡಿನ ತಾಲ್ಲೂಕುಗಳಲ್ಲೂ ಉಂಟು. ಶಿರಸಿಯ ಹೆಚ್ಚುಗಾರಿಕೆ ಕಟ್ಟುವವರ ವ್ಯವಸ್ಥೆಯಲ್ಲಿತ್ತು. ಗುಂಡಿ ಕಟ್ಟಿಕೊಡುವುದನ್ನೇ ಕಸುಬು ಮಾಡಿಕೊಂಡ ಸ್ಥಳೀಯರಿದ್ದರು, ಒಬ್ಬರಲ್ಲ, ಹಲವರು. ಅವರ ನಡುವೆ ಪೈಪೋಟಿ ಇತ್ತು. ಸಬ್ಸಿಡಿ ಕಾಗದಪತ್ರದಿಂದ ಹಿಡಿದು ಒಲೆ ಹೊತ್ತಿಸುವವರೆಗೆ ಎಲ್ಲವನ್ನೂ ಅವರೇ ನೋಡಿಕೊಂಡು, ಕೆಲಸಕ್ಕೆ ಖಾತರಿ ಕೊಟ್ಟು, ಕೆಟ್ಟರೆ ಬಂದು ಸರಿಮಾಡುತ್ತಿದ್ದರು. ಪಕ್ಕದ ಮನೆಯ ಗುಂಡಿ ನಿಂತರೆ ಮುಂದಿನ ಗಿರಾಕಿ ಸಿಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಇಲಾಖೆಯ ಗುರಿ ಮುಟ್ಟಿಸಲು ಮಾರ್ಚ್ ತಿಂಗಳಲ್ಲಿ ತರಾತುರಿಯಿಂದ ಕಟ್ಟಿದ ಗುಂಡಿಗೂ ಇದಕ್ಕೂ ಇರುವ ಅಂತರ, ನಮ್ಮ ದೃಷ್ಟಿಯಲ್ಲಿ, ಯಾವುದೇ ವಿನ್ಯಾಸದ ಸುಧಾರಣೆಗಿಂತ ದೊಡ್ಡದು.

ಅಲ್ಲಿಯೂ ಎಲ್ಲ ಸೌದೆ ನಿಲ್ಲಲಿಲ್ಲ ಎನ್ನುವುದನ್ನು ಹೇಳಬೇಕು. ಬಚ್ಚಲ ಹಂಡೆ ಕಾಯಿಸಲು ಈ ಗ್ಯಾಸ್ ಸಾಲದು; ಅದಕ್ಕೆ ಸೌದೆಯೋ ತೋಟದ ಕಸವೋ ಬೇಕೇ ಬೇಕು.

ಪುರದಲ್ಲಿ ಲೆಕ್ಕ ತಿರುಗಿದ್ದು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. ಅದು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ದೊಡ್ಡ ಸ್ಥಾವರ ಕಟ್ಟಿ, ಪೈಪಿನಲ್ಲಿ ಅಡುಗೆ ಗ್ಯಾಸ್ ಕೊಡಲು ಹೊರಟಿತು. ಅದು ಸೋತಿತು. ಊರಿನಲ್ಲಿ ಸಿಗುವ ಸಗಣಿಯಿಂದ ಎಲ್ಲ ಮನೆಯ ಅಡುಗೆಗೆ ಸಾಲುವಷ್ಟು ಗ್ಯಾಸ್ ಬರಲಿಲ್ಲ. ಅರ್ಧ ಅಡುಗೆಗೆ ಗ್ಯಾಸ್, ಇನ್ನರ್ಧಕ್ಕೆ ಸೌದೆ ಎಂದರೆ ಹೆಂಗಸರಿಗೆ ಸೌದೆ ತರುವ ಕೆಲಸ ತಪ್ಪಲಿಲ್ಲ, ಜೊತೆಗೆ ಸಗಣಿ ಹೊರುವ ಕೆಲಸ ಸೇರಿತು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತದೆ, ವರದಿ ಬರೆದು ಎಲ್ಲರೂ ಊರಿಗೆ ಹೋಗುತ್ತಾರೆ. ಇಲ್ಲಿ ಹಾಗಾಗಲಿಲ್ಲ. ಜನರಿಗೆ ಬೇಕಾದದ್ದು ಕುಡಿಯುವ ನೀರು ಎಂದು ತಿಳಿದ ಮೇಲೆ, 1987ರಲ್ಲಿ ಅದೇ ಗ್ಯಾಸಿನಿಂದ ಡೀಸೆಲ್ ಎಂಜಿನ್ ಓಡಿಸಿ, ವಿದ್ಯುತ್ ತಯಾರಿಸಿ, ಕೊಳವೆಬಾವಿಯಿಂದ ನೀರೆತ್ತಿ ನಲ್ಲಿಗೆ ಕೊಟ್ಟರು, ಮನೆಗಳಿಗೆ ಟ್ಯೂಬ್‌ಲೈಟ್ ಹಾಕಿದರು. ಇಂಥ ಎಂಜಿನ್ನಿನಲ್ಲಿ ಉರಿ ಹತ್ತಿಸಲಷ್ಟೇ ಸ್ವಲ್ಪ ಡೀಸೆಲ್, ಉಳಿದದ್ದೆಲ್ಲ ಗೋಬರ್ ಗ್ಯಾಸ್.

ಯಾಕೆ ಇದು ಸಾಲಿತು, ಅದು ಸಾಲಲಿಲ್ಲ? ಒಂದು ಮಾದರಿ ಲೆಕ್ಕ ಹಾಕೋಣ. 50 ಮನೆಗೆ ಒಂದೊಂದು 20 ವ್ಯಾಟಿನ ಟ್ಯೂಬು, ಚೋಕ್ ಸೇರಿ 28 ವ್ಯಾಟ್ ಅನ್ನಿ, ಸಂಜೆ ನಾಲ್ಕು ಗಂಟೆ. ಒಟ್ಟು 5.6 ಯೂನಿಟ್. ಸಣ್ಣ ಎಂಜಿನ್ನಿನಲ್ಲಿ ಒಂದು ಯೂನಿಟ್‌ಗೆ ಸುಮಾರು 0.75 ಘನ ಮೀಟರ್ ಗ್ಯಾಸ್ ಹಿಡಿದರೆ 4.2 ಘನ ಮೀಟರ್. ಅದೇ 4.2 ಘನ ಮೀಟರಿನಲ್ಲಿ ಅಡುಗೆ ಮಾಡಬಹುದಾದದ್ದು ಐದು ಜನರ ಮೂರು ಮನೆಗೆ. ಮೂರು ಮನೆಯ ಅಡುಗೆಯೋ, ಐವತ್ತು ಮನೆಯ ಬೆಳಕೋ? ಊರು ಉತ್ತರ ಕೊಟ್ಟಾಗಿತ್ತು.

ಸಗಣಿ ತಂದವರಿಗೆ ತೂಕದ ಲೆಕ್ಕದಲ್ಲಿ ದುಡ್ಡು ಸಿಗುತ್ತಿತ್ತು, ಗ್ಯಾಸ್ ತೆಗೆದ ಮೇಲೆ ಅವರ ಪಾಲಿನ ಗೊಬ್ಬರವೂ ವಾಪಸಾಗುತ್ತಿತ್ತು. ಸಗಣಿಯನ್ನು ಪುಕ್ಕಟೆ ಕೇಳಿರಲಿಲ್ಲ ಎನ್ನುವುದು ಮುಖ್ಯ. ಸ್ಥಾವರ ನಡೆಸುತ್ತಿದ್ದವರು ಆ ಊರಿನ ಹುಡುಗರೇ. ಮುಂದೆ ಆ ವ್ಯವಸ್ಥೆಯೂ ನಿಂತಿತು. ಆದರೂ ವರ್ಷಗಟ್ಟಲೆ ನಲ್ಲಿಯಲ್ಲಿ ನೀರು ಬಂದದ್ದನ್ನು ಸೋಲಿನ ಖಾತೆಗೆ ಬರೆಯಲು ನಮಗೆ ಮನಸ್ಸಿಲ್ಲ.

ಎಲ್ಲಿ ಕೆಡುತ್ತದೆ

ಒಲೆಯ ಉರಿ ನಡುಗಿ ನಡುಗಿ ಆರುತ್ತಿದ್ದರೆ ಪೈಪಿನಲ್ಲಿ ನೀರು ನಿಂತಿದೆ ಎಂದರ್ಥ. ಗುಂಡಿಯಿಂದ ಬರುವ ಗ್ಯಾಸ್ ಬಿಸಿಯಾಗಿ ತೇವವಾಗಿರುತ್ತದೆ, ಪೈಪಿನಲ್ಲಿ ತಣ್ಣಗಾಗಿ ನೀರಾಗುತ್ತದೆ. ಪೈಪು ಗುಂಡಿಯ ಕಡೆಗೆ ಇಳಿಜಾರಾಗಿರಬೇಕು. ಆಗದಿದ್ದರೆ ತೀರಾ ತಗ್ಗಿನ ಜಾಗದಲ್ಲಿ ನೀರು ಬಿಡುವ ಕಾಕು ಇರಲೇಬೇಕು. ಇದೊಂದನ್ನು ತಿಳಿಯದೆ 'ಗ್ಯಾಸ್ ಬರ್ತಿಲ್ಲ' ಎಂದು ಕೈಬಿಟ್ಟ ಗುಂಡಿಗಳುಂಟು.

ಗ್ಯಾಸ್ ಬರುತ್ತದೆ, ಹತ್ತುವುದಿಲ್ಲ, ಬಗ್ಗಡಕ್ಕೆ ಹುಳಿ ವಾಸನೆ ಎಂದಾದರೆ ಆಮ್ಲ ಹೆಚ್ಚಿದೆ. ಮದುವೆಗೋ ಜಾತ್ರೆಗೋ ಹೋಗಿ ವಾರ ಬಿಟ್ಟು ಬಂದವರು ಒಂದೇ ಸಲ ವಾರದ ಸಗಣಿ ಸುರಿದಾಗ, ಅನ್ನ–ಸಾಂಬಾರು ಉಳಿದದ್ದನ್ನೆಲ್ಲ ಒಟ್ಟಿಗೆ ಹಾಕಿದಾಗ ಹೀಗಾಗುತ್ತದೆ. ಕೆಲವು ದಿನ ಏನೂ ಹಾಕದೆ ಬಿಟ್ಟು, ಚೆನ್ನಾಗಿ ನಡೆಯುತ್ತಿರುವ ಬೇರೆ ಗುಂಡಿಯ ಬಗ್ಗಡ ನಾಲ್ಕು ಬಕೆಟ್ ತಂದು ಹಾಕಬೇಕು. ಸ್ವಲ್ಪ ಸುಣ್ಣದ ತಿಳಿ ಹಾಕಬಹುದು, ಆದರೆ ಹಿಡಿತದಲ್ಲಿರಲಿ. ಮತ್ತೆ ಶುರು ಮಾಡುವಾಗ ಕಾಲು ಪಾಲಿನಿಂದ ಶುರುಮಾಡಿ ಏರಿಸಬೇಕು.

ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು, ಸೋಪಿನ ನೀರು ಗುಂಡಿಗೆ ಹೋದರೆ ಸೂಕ್ಷ್ಮಜೀವಿಗಳು ಸಾಯುತ್ತವೆ. ಕಾಯಿಲೆ ಬಿದ್ದ ಹಸುವಿಗೆ ಆಂಟಿಬಯಾಟಿಕ್ ಕೊಟ್ಟಿದ್ದರೆ ಆ ದಿನಗಳ ಸಗಣಿಯನ್ನು ನೇರ ತಿಪ್ಪೆಗೆ ಹಾಕುವುದು ಒಳ್ಳೆಯದು. ಹುಲ್ಲು, ನಾರು, ಅಡಿಕೆ ಸಿಪ್ಪೆ ಸೇರಿದರೆ ತೇಲಿ ಗಟ್ಟಿ ಕೆನೆ ಕಟ್ಟಿ ಗ್ಯಾಸ್ ಏಳದಂತೆ ತಡೆಯುತ್ತದೆ. ಮಣ್ಣು, ಮರಳು ತಳ ಸೇರಿ ವರ್ಷ ವರ್ಷ ಜಾಗ ತಿನ್ನುತ್ತವೆ. ಅದಕ್ಕೇ ಕಲಸುವ ತೊಟ್ಟಿಯ ಬಾಯಿಗೆ ಬಿರಡೆ ಇಟ್ಟಿರುತ್ತಾರೆ. ಸಗಣಿಯನ್ನು ಗಂಟಿಲ್ಲದಂತೆ ಕದಡಿ, ಮೇಲಿನ ಕಸ ತೆಗೆದು, ಕಲ್ಲು–ಮರಳು ಕೆಳಗೆ ಕೂತ ಮೇಲೆ ಬಿರಡೆ ತೆಗೆಯಬೇಕು.

ಎಲ್‌ಪಿಜಿ ಒಲೆಯನ್ನೇ ಜೋಡಿಸಿ 'ಉರಿ ಸಾಲದು' ಎನ್ನುವವರೂ ಇದ್ದಾರೆ. ಎಲ್‌ಪಿಜಿ ಒಲೆಯ ಜೆಟ್ ತೂತು ತೀರಾ ಚಿಕ್ಕದು. ಗೋಬರ್ ಗ್ಯಾಸ್ ಕಡಿಮೆ ಒತ್ತಡದ್ದು, ಶಕ್ತಿಯೂ ಕಡಿಮೆ, ಹಾಗಾಗಿ ದೊಡ್ಡ ತೂತಿನ ಅದರದ್ದೇ ಒಲೆ ಬೇಕು. ಗಂಟೆಗೆ 0.45 ಘನ ಮೀಟರ್ ಉರಿಸುವ ಒಲೆಯಾದರೆ 2 ಘನ ಮೀಟರ್ ಗ್ಯಾಸ್ ನಾಲ್ಕು ಗಂಟೆಗೆ ಬರುತ್ತದೆ. ಉರಿ ನೀಲಿಯಾಗಿರಬೇಕು, ಬರ್ನರಿನಿಂದ ಮೇಲೆದ್ದು ಹಾರುತ್ತಿದ್ದರೆ ಕಾಕು ತಗ್ಗಿಸಿ ಅಥವಾ ಗಾಳಿಯ ಕಿಂಡಿ ಸ್ವಲ್ಪ ಮುಚ್ಚಿ.

ಯಾರಿಗೆ ಬೇಡ

ಎರಡೇ ದನ ಇದ್ದು ಅವೂ ಮೇಯಲು ಹೋಗುತ್ತಿದ್ದರೆ ಬೇಡ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕುಡಿಯುವ ಊರಿನಲ್ಲಿ ದಿನಕ್ಕೆ 40 ಲೀಟರ್ ಗುಂಡಿಗೆ ಸುರಿಯುವುದು ಅಸಾಧ್ಯ. ಮನೆಯಲ್ಲಿ ಇಬ್ಬರೇ ವಯಸ್ಸಾದವರಿದ್ದರೆ, ಸಗಣಿ ಹೊತ್ತು ಕದಡುವ ದಿನದ ಕೆಲಸ ಯಾರದ್ದು ಎಂದು ಮೊದಲೇ ಕೇಳಿಕೊಳ್ಳಬೇಕು. ಸಿಲಿಂಡರ್ ಬಾಗಿಲಿಗೆ ಬರುತ್ತಿರುವ ಕಾಲದಲ್ಲಿ, ದನಗಳೂ ಕಡಿಮೆಯಾಗುತ್ತಿರುವಾಗ, ಕಾಲು ಶತಮಾನದ ಹಿಂದಿನ ಲೆಕ್ಕ ಎಷ್ಟೋ ಮನೆಗಳಿಗೆ ಈಗ ಕೂಡುವುದಿಲ್ಲ. ಅದೇ ಹೊತ್ತಿಗೆ ನಾಲ್ಕೈದು ಮಿಶ್ರತಳಿ ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಮನೆಗಳು ಹೆಚ್ಚಿವೆ. ಅಂಥ ಹಸುವೊಂದರ ಸಗಣಿ ದಿನಕ್ಕೆ 15 ಕಿಲೋ ದಾಟುತ್ತದೆ. ನಮಗೆ ಭರವಸೆ ಇರುವುದು ಇಂಥ ಮನೆಗಳ ಮೇಲೆ.

ನಿಂತ ಗುಂಡಿಯನ್ನು ಎಬ್ಬಿಸುವುದು

ಹೊಸದು ಕಟ್ಟುವ ಮೊದಲು ಹಿತ್ತಿಲಲ್ಲಿ ಹಳೆಯ ಗುಮ್ಮಟ ಇದೆಯೇ ನೋಡಿ. ಬಹಳ ಸಲ ಗುಮ್ಮಟ ಗಟ್ಟಿಯಾಗಿಯೇ ಇರುತ್ತದೆ, ಪೈಪು–ಕಾಕು ಹೋಗಿರುತ್ತವೆ.

ಒಳಗೆ ಇಳಿಯುವ ಯೋಚನೆ ಮಾತ್ರ ಬೇಡ. ಮೇಲ್ನೋಟಕ್ಕೆ ಖಾಲಿಯಾದ ಗುಂಡಿಯಲ್ಲೂ ಉಸಿರುಗಟ್ಟಿಸುವ ಗ್ಯಾಸ್ ಇರುತ್ತದೆ. ಒಬ್ಬರನ್ನು ಎತ್ತಲು ಇನ್ನೊಬ್ಬರು ಇಳಿದು ಇಬ್ಬರೂ ಸತ್ತ ಪ್ರಕರಣಗಳು ನಡೆದಿವೆ. ಗಟ್ಟಿಯಾದ ಬಗ್ಗಡವನ್ನು ಮೇಲಿನಿಂದಲೇ ನೀರು ಹಾಯಿಸಿ ಕದಡಿ, ಸ್ಲರಿ ಪಂಪಿನಿಂದ ತೆಗೆಯಿರಿ. ಹೊರತೊಟ್ಟಿಗೆ ಕಲ್ಲು ಚಪ್ಪಡಿ ಮುಚ್ಚಿ, ಮಕ್ಕಳು, ಕರುಗಳು ಬೀಳದಿರಲಿ. ಹೊಸ ಪೈಪು ಹಾಕಿ ಪ್ರತಿ ಜೋಡಣೆಗೂ ಸೋಪಿನ ನೊರೆ ಬಳಿದು ಗುಳ್ಳೆ ಏಳುತ್ತದೆಯೇ ನೋಡಿ. ಸೋರಿಕೆ ಹುಡುಕಲು ಬೆಂಕಿಕಡ್ಡಿ ಗೀರಬಾರದು.

2 ಘನ ಮೀಟರಿನದಕ್ಕೆ ಮೊದಲ ಭರ್ತಿಗೆ ಎರಡು ಟನ್ ಸಗಣಿ, ಎರಡು ಸಾವಿರ ಲೀಟರ್ ನೀರು ಬೇಕು. ಅಕ್ಕಪಕ್ಕದ ಮನೆಗಳಿಂದ ಕೂಡಿಸಿ ಹತ್ತು–ಹದಿನೈದು ದಿನದೊಳಗೆ ತುಂಬಿಸಿಬಿಡಿ, ಒಣಗಿದ ಸಗಣಿ ಬೇಡ. ಬೇಸಿಗೆಯಲ್ಲಾದರೆ ಎರಡು ವಾರ, ಚಳಿಗಾಲದಲ್ಲಾದರೆ ಮೂರ್ನಾಲ್ಕು ವಾರ ಕಾಯಬೇಕು. ಮೊದಲು ಬರುವ ಗ್ಯಾಸಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಗುಮ್ಮಟದಲ್ಲಿದ್ದ ಗಾಳಿಯೂ ಬೆರೆತಿರುತ್ತದೆ. ಅದನ್ನು ಒಂದೆರಡು ಸಲ ಬಯಲಿಗೆ ಬಿಟ್ಟು, ಆಮೇಲೆ ಒಲೆಯ ಹತ್ತಿರವೇ ಹೊತ್ತಿಸಿ ನೋಡಿ, ಗುಂಡಿಯ ಬಾಯಲ್ಲಿ ಎಂದಿಗೂ ಬೇಡ. ಉರಿ ಆರದೆ ಸ್ಥಿರವಾಗಿ ನಿಂತ ಮೇಲೆಯೇ ದಿನದ ಸಗಣಿ ಹಾಕಲು ಶುರು ಮಾಡಿ.